ಯಾದವಗಿರಿಯ ಕಾಡುಬಳ್ಳಿ

ನಾಲ್ಕು ದಿನದ ಸಸ್ಯ ಅಧ್ಯಯನ ಪ್ರವಾಸದಲ್ಲಿ ಇಪ್ಪತ್ತೆಂಟು ಮಂದಿ ಎಂ.ಎಸ್ಸಿ. ವಿದ್ಯಾರ್ಥಿಗಳು ಗಿಡಗಳ ನಡುವೆ ಕಳೆದದ್ದು ಒಟ್ಟು ಐವತ್ತು ನಿಮಿಷ. ಸಂಘಮಿತ್ರ ವಾಚು ನೋಡಿಕೊಂಡೇ ಇದ್ದಳು. ಆ ಐವತ್ತರಲ್ಲಿ ಹದಿನೈದು ನಿಮಿಷ ಗ್ರೂಪ್ ಫೋಟೋಗೆ ಹೋಯಿತು. ಇನ್ನೊಂದು ಹತ್ತು ನಿಮಿಷ, ಹೊಸ ಬೂಟು ಕಚ್ಚಿದ ಯಾರದೋ ಹಿಮ್ಮಡಿಗೆ ಪ್ಲಾಸ್ಟರ್ ಹುಡುಕುವುದರಲ್ಲಿ ಹೋಯಿತು. ಮಿಕ್ಕ ಇಪ್ಪತ್ತೈದು ನಿಮಿಷದಲ್ಲಿ ಕೊಡಗಿನ ಅತಿ ಎತ್ತರದ ಬೆಟ್ಟವಾದ ತಡಿಯಂಡಮೋಳಿನ ಸಸ್ಯಸಂಪತ್ತನ್ನು ಅವರೆಲ್ಲ ಅಧ್ಯಯನ ಮಾಡಿ ಮುಗಿಸಿಬಿಟ್ಟರು. ಉಳಿದ ದಿನಗಳು ದುಬಾರೆಯ ಆನೆ ಸ್ನಾನಕ್ಕೆ, ಬೈಲಕುಪ್ಪೆಯ ಮೊಮೊಗೆ, ರಾಜಾಸೀಟಿನ ಸೂರ್ಯಾಸ್ತಕ್ಕೆ, ಮಡಿಕೇರಿಯ ಅಂಗಡಿಗಳ ಚಾಕೊಲೇಟಿಗೆ ಮತ್ತು ಬಟ್ಟೆ ಸುತ್ತಿ ಬ್ಯಾಗಿನ ತಳಕ್ಕೆ ಇಳಿಸಿದ ಹೋಂಮೇಡ್ ವೈನಿಗೆ.

ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್ ಮಹದೇವಪ್ರಸಾದ್ ಅವರಿಗೆ ಬಸ್ಸು ಬೆಟ್ಟದ ಬುಡದಲ್ಲಿ ನಿಂತ ಕೂಡಲೇ ಮಂಡಿನೋವು ಬಂತು. "ನೀವು ಹತ್ತಿ ಬನ್ನಿ ಸಂಘಮಿತ್ರ, ನಾನು ಇಲ್ಲಿಂದ್ಲೇ ಗೈಡ್ ಮಾಡ್ತೀನಿ" ಎಂದು ಸೀಟು ಹಿಂದಕ್ಕೊರಗಿಸಿ ಮಫ್ಲರನ್ನು ಕಣ್ಣಿನ ತನಕ ಎಳೆದುಕೊಂಡರು. ಮಾರನೇ ದಿನ ರಾಜಾಸೀಟಿನ ಮೆಟ್ಟಿಲ ಹತ್ತಿರ ನೋವು ತಾನಾಗಿ ವಾಸಿಯಾಯಿತು. ಅವರ ವಿದ್ವತ್ತೆಲ್ಲ ಗಾಜಿನ ಬಾಟಲಿಯೊಳಗೆ, ಜೆಲ್ಲಿಯ ಮೇಲೆ ಬೆಳೆಸುವ ಸಸಿಗಳದ್ದು. ಬಾಟಲಿಯಿಂದಾಚೆ ಮಣ್ಣಿನಲ್ಲಿ ಬೇರುಬಿಟ್ಟು ನಿಂತ ಗಿಡ ಎದುರಾದರೆ, ಮದುವೆ ಮನೆಯಲ್ಲಿ ಗುರುತು ಸಿಗದ ನೆಂಟರನ್ನು ಕಂಡವರ ಹಾಗೆ ನಗುಮುಖ ಮಾಡಿ ಬೇಗ ದಾಟಿಹೋಗುತ್ತಿದ್ದರು.

ಸಂಘಮಿತ್ರ ಮೈಸೂರಿನ ಆ ಖಾಸಗಿ ವಿಶ್ವವಿದ್ಯಾಲಯದಲ್ಲಿ ಅತಿಥಿ ಉಪನ್ಯಾಸಕಿ. ಆರು ವರ್ಷದಿಂದಲೂ ಅತಿಥಿಯೇ. ವರ್ಷ ಮುಗಿಯುವಾಗ ಮುಖ್ಯಸ್ಥರು ಕಳಿಸುವ ಪಟ್ಟಿಯಲ್ಲಿ ಹೆಸರಿದ್ದರೆ ಮುಂದಿನ ವರ್ಷ ಪಾಠ, ಇಲ್ಲದಿದ್ದರೆ ಮನೆ. ಬೇರೇನೂ ಅವಳು ಬಯಸಿರಲಿಲ್ಲ, ಆ ಪಟ್ಟಿಯಲ್ಲಿ ಒಂದು ಸಾಲು ಸಿಕ್ಕರೆ ಸಾಕಿತ್ತು. ಹಗಲು ನರ್ಸರಿಯಲ್ಲಿ ಕುಂಡಕ್ಕೆ ಮಣ್ಣು ತುಂಬಿ, ಸಂಜೆ ಕಾಲೇಜಿನಲ್ಲಿ ಪಿಯುಸಿ ಮಾಡಿ, ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದವಳು. ಕ್ಲಾಸಿನ ಮುಂದೆ ನಿಂತರೆ ಇವತ್ತಿಗೂ ತಾನೇನೋ ತಪ್ಪು ಹೇಳುತ್ತಿದ್ದೇನೆಂಬ ದಿಗಿಲು. ಹಾಗಾಗಿ ಯಾವುದನ್ನೇ ಆದರೂ ಎರಡು ಸಲ ನೋಡುತ್ತಿದ್ದಳು. ಆ ವಿಭಾಗದಲ್ಲಿ ಬೇರೆಯವರು ಒಂದು ಸಲವೂ ನೋಡುತ್ತಿರಲಿಲ್ಲ.

ಪ್ರವಾಸ ಮುಗಿದ ಮೇಲೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಕಾಡಿನಲ್ಲಿ ಸಂಗ್ರಹಿಸಿದ ಇಪ್ಪತ್ತು ಗಿಡಗಳನ್ನು ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಹೆಸರು, ಸ್ಥಳ, ಎತ್ತರ, ತಾರೀಖು ಬರೆದು ಒಪ್ಪಿಸಬೇಕು. ಸಿಲಬಸ್ ಹೇಳುವುದು ಇಷ್ಟು. ಆದರೆ ವಿಭಾಗದ ಸಂಪ್ರದಾಯ ಬೇರೆ. ಒಪ್ಪಿಸುವ ದಿನ ತಲೆ ಮೇಲೆ ಬಂದಾಗ ಹುಡುಗರು ಹುಡುಗಿಯರು ಸ್ಕೂಟರ್ ಹತ್ತಿ ಕುಕ್ಕರಹಳ್ಳಿ ಕೆರೆ ಏರಿಗೆ ಹೋಗಿ ಎಡಕ್ಕೊಂದು ಬಲಕ್ಕೊಂದು ಕಿತ್ತು, ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿ ಒಣಗಿಸಿ, ಕೆಳಗೆ 'ತಡಿಯಂಡಮೋಳ್, ೧೫೫೦ ಮೀಟರ್' ಎಂದು ಬರೆಯುತ್ತಿದ್ದರು. ಉತ್ತರಾಣಿ, ತುಂಬೆ, ನೆಲನೆಲ್ಲಿ ಹೀಗೆ ವರ್ಷಕ್ಕೊಮ್ಮೆ ಕಾಲು ಸವೆಸದೆ ಬೆಟ್ಟ ಹತ್ತುತ್ತಿದ್ದವು.

ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ, ಹಿನಕಲ್ಲಿನ ಮನೆಯಲ್ಲಿ ಸಂಘಮಿತ್ರ ಐನೂರ ಅರವತ್ತು ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ಅವಳ ತಾಯಿ ಸೋಮಮ್ಮ ಕಾಲಿಡಲು ಜಾಗ ಸಾಲದೆ ಬಾಗಿಲಲ್ಲೇ ನಿಂತು ನೋಡಿದರು.

"ಇದೆಂಥ ಓದವ್ವಾ, ದನ ಮೇಯೋ ಸೊಪ್ಪೆಲ್ಲ ಮನೆಯೊಳಕ್ಕೆ ಬಂದದೆ!"

"ದನಾನಾದ್ರೆ ತಿನ್ನುತ್ತೆ ಕಣಮ್ಮ, ಇವ್ರು ಬರೀ ಕೀಳ್ತಾರೆ."

ಹಾಳೆ ತಿರುವುತ್ತಿದ್ದವಳ ಕೈ ಒಂದರ ಮೇಲೆ ನಿಂತಿತು. ಉದ್ದನೆಯ ಗೊಂಚಲು, ಕಾಗದದಂಥ ಐದೆಸಳಿನ ನಕ್ಷತ್ರಗಳು, ಬಣ್ಣ ಮಾಸಿ ಬೂದಿಯಾಗಿವೆ. ಎಲೆಯನ್ನು ಬೆರಳಲ್ಲಿ ಉಜ್ಜಿದಳು. ಬಡಗಿಗಳ ಉಪ್ಪುಕಾಗದದಷ್ಟು ಒರಟು. ಪೆಟ್ರಿಯಾ! ಅಮೆರಿಕ ಕಡೆಯಿಂದ ಬಂದ ಅಲಂಕಾರದ ಬಳ್ಳಿ. ನರ್ಸರಿಯಲ್ಲಿ ಇದರ ಕೊಂಬೆ ಬಗ್ಗಿಸಿ ಬೇರು ಬರಿಸಿ ಎಷ್ಟು ಕುಂಡ ಮಾಡಿದ್ದಳೋ ಲೆಕ್ಕವಿಲ್ಲ. ಇದು ಬೆಟ್ಟದ ಕಾಡಿಗೆ ಹೇಗೆ ಹೋಯಿತು? ಮುಂದಿನ ಕಟ್ಟು ಬಿಚ್ಚಿದಳು, ಅದರಲ್ಲೂ ಪೆಟ್ರಿಯಾ. ಅದರ ಮುಂದಿನದರಲ್ಲೂ. ಸಂಜೆಯ ಹೊತ್ತಿಗೆ ಹತ್ತೊಂಬತ್ತು ಆದವು. ಎಲ್ಲದರ ಮೇಲೂ ತಡಿಯಂಡಮೋಳ್, ಎಲ್ಲದರ ಮೇಲೂ ೧೫೫೦ ಮೀಟರ್.

ಸೋಮವಾರ ಬೆಳಿಗ್ಗೆ ತರಗತಿಯ ಪ್ರತಿನಿಧಿ ನಿಶ್ಚಿತಾಳನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದಳು.

"ಇದನ್ನ ಎಲ್ಲಿ ಕಿತ್ತಿದ್ದು?"

"ಲೇಬಲ್‌ನಲ್ಲಿ ಇದೆಯಲ್ಲ ಮ್ಯಾಮ್."

"ನಿಶ್ಚಿತಾ."

"ಎಚ್‌ಓಡಿ ಸಾರ್ ಮನೆ ಗೇಟಲ್ಲಿ ಮ್ಯಾಮ್" ಎಂದಳು ಹುಡುಗಿ, ಒಂದಿಷ್ಟೂ ಅಳುಕಿಲ್ಲದೆ. "ನೋಟ್‌ಬುಕ್‌ಗೆ ಸೈನ್ ಹಾಕಿಸ್ಕೊಳ್ಳೋಕೆ ಯಾದವಗಿರಿಗೆ ಹೋಗಿದ್ವಿ. ಸಾರ್ ಪೂಜೇಲಿದ್ರು. ಮುಕ್ಕಾಲು ಗಂಟೆ ಗೇಟಲ್ಲೇ ನಿಂತಿದ್ವಿ. ಸುಮ್ನೆ ನಿಲ್ಲೋ ಬದ್ಲು ಅಂತ..."

"ಹತ್ತೊಂಬತ್ತು ಜನಾನೂ?"

"ಒಬ್ರು ಕಿತ್ಮೇಲೆ ಇನ್ನೊಬ್ರು ಬುಡ್ತಾರಾ ಮ್ಯಾಮ್? ಆದ್ರೆ ಹೆಸರು ಕರೆಕ್ಟಾಗಿದೆ. ಆ್ಯಪ್‌ನಲ್ಲಿ ನೋಡಿನೇ ಬರೆದಿದ್ದು. ಐಡೆಂಟಿಫಿಕೇಶನ್‌ಗೆ ಮಾರ್ಕ್ಸ್ ಕೊಡ್ತೀರ ತಾನೆ?"

ಇಂಥವರಿಗೆ ಬೈದರೆ ಬೈಗುಳಕ್ಕೇ ಅವಮಾನ ಎನಿಸಿ ಸಂಘಮಿತ್ರ ಅವಳನ್ನು ಕ್ಲಾಸಿಗೆ ಕಳಿಸಿದಳು. ಆ ಹತ್ತೊಂಬತ್ತನ್ನು ಬೇರೆ ತೆಗೆದು ವಾಪಸು ಕೊಟ್ಟುಬಿಡಬೇಕು ಎಂದುಕೊಂಡು ಸ್ಟಾಫ್ ರೂಮಿಗೆ ಬಂದರೆ ಕಟ್ಟುಗಳೇ ಇಲ್ಲ. ಯಾವುದೋ ಸಮಿತಿಯವರು ವಿಭಾಗ ನೋಡಲು ಬರುವವರಿದ್ದರು. ಅವರ ಮುಂದೆ ಇಡಲು ಚೆಂದವಾಗಿರುವ ಹಾಳೆಗಳನ್ನು ಆರಿಸುತ್ತೇನೆಂದು ಪ್ರೊಫೆಸರರು ಎಲ್ಲವನ್ನೂ ತಮ್ಮ ಕೋಣೆಗೆ ತರಿಸಿಕೊಂಡಿದ್ದರು.

ಮಧ್ಯಾಹ್ನ ಕರೆ ಬಂತು.

"ಬನ್ನಿ ಸಂಘಮಿತ್ರ, ಕೂತ್ಕೊಳ್ಳಿ." ಆರು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಕುರ್ಚಿ ತೋರಿಸಿದ್ದು ಅದೇ ಮೊದಲು. ಪ್ರೊಫೆಸರರ ಮುಖ ಹೊಸ ಸ್ಟೀಲ್ ತಟ್ಟೆಯಂತೆ ಹೊಳೆಯುತ್ತಿತ್ತು. ಮೇಜಿನ ಮೇಲೆ ಹತ್ತೊಂಬತ್ತು ಪೆಟ್ರಿಯಾಗಳು ಸಾಲಾಗಿ ಮಲಗಿದ್ದವು. "ಇದೇನು ಗೊತ್ತಾ? ಅಮೆರಿಕದ ಗಿಡ. ನಾನು ಇಂಟರ್ನೆಟ್ಟೆಲ್ಲ ಜಾಲಾಡಿಬಿಟ್ಟೆ. ಕೊಡಗಿನ ಕಾಡಲ್ಲಿ ಇದು ಬೆಳೆಯುತ್ತೆ ಅಂತ ಇದುವರೆಗೆ ಒಬ್ಬನೂ ಬರೆದಿಲ್ಲ! ಮೊಟ್ಟಮೊದಲ ವರದಿ ನಮ್ಮದು."

"ಸರ್, ಅದು ತೋಟದ ಗಿಡ..."

"ಅದನ್ನೇ ಕಣಮ್ಮ ನಾನೂ ಹೇಳ್ತಿರೋದು! ತೋಟದ್ದು ಕಾಡಿಗೆ ನುಗ್ಗಿದೆ. ಒಬ್ಬಿಬ್ರಲ್ಲ, ಹತ್ತೊಂಬತ್ತು ಜನರ ಕಣ್ಣಿಗೆ ಬಿದ್ದಿದೆ ಅಂದ್ರೆ ಎಷ್ಟು ಹಬ್ಬಿರಬೇಕು ಯೋಚನೆ ಮಾಡಿ. ವಿಜ್ಞಾನ ಪತ್ರಿಕೆಗೆ ಪೇಪರ್ ಬರೆದು ಕಳಿಸ್ತಾ ಇದ್ದೀನಿ. ನನ್ನ ಹೆಸರು ಮೊದಲು, ನಿಮ್ಮದು ಎರಡನೇದು." ಅವರು ದನಿ ತಗ್ಗಿಸಿದರು. "ಈ ಸಲ ಪ್ರಕಟಣೆ ಇಲ್ಲದ ಅತಿಥಿಗಳನ್ನ ಪಟ್ಟಿಯಿಂದ ತೆಗೀರಿ ಅಂತ ಮೇಲಿಂದ ಬಂದಿದೆ. ನಿಮ್ಮದು ಒಂದೂ ಇಲ್ಲ. ಅದಕ್ಕೇ ನಿಮ್ಮನ್ನ ಸೇರಿಸ್ಕೊಂಡೆ. ನಿಮ್ಮಂಥೋರು ಮೇಲೆ ಬರಬೇಕು ಅನ್ನೋದು ನನ್ನ ಆಸೆ. ನೀವು ಮಾಡಬೇಕಾದ್ದು ಇಷ್ಟೇ. ಇವೆಲ್ಲ ಬೆಟ್ಟದ ಮೇಲೆ ನಿಮ್ಮ ಕಣ್ಣೆದುರೇ ಕಿತ್ತಿದ್ದು ಅಂತ ಒಂದು ಪತ್ರಕ್ಕೆ ಸಹಿ ಹಾಕಿ. ಬೆಟ್ಟ ಹತ್ತಿದೋರು ನೀವೇ ಅಲ್ವಾ."

'ನಿಮ್ಮಂಥೋರು' ಎಂಬ ಮಾತು ಅವಳ ಕಿವಿಯಲ್ಲಿ ಮುಳ್ಳಿನಂತೆ ಕೂತಿತು. ಆದರೂ "ಯೋಚನೆ ಮಾಡ್ತೀನಿ ಸರ್" ಎಂದಳು.

"ಇದರಲ್ಲಿ ಯೋಚನೆ ಏನು ಬಂತ್ರೀ? ಸರಿ, ಮುಂದಿನ ಸೋಮವಾರ ಸಂಜೆ ಒಳಗೆ ಕೊಡಿ."

ಆ ವಾರವಿಡೀ ಅವಳಿಗೆ ಪ್ರೊಫೆಸರರ ಮೇಲೆ ತಾತ್ಸಾರ, ತನ್ನ ಮೇಲೆ ಅನುಮಾನ. ಬೆಟ್ಟದ ದಾರಿಯಲ್ಲಿ ಯಾವುದಾದರೂ ಎಸ್ಟೇಟಿನ ಬಂಗಲೆಯಿಂದ ಬಳ್ಳಿ ನಿಜವಾಗಿಯೂ ಕಾಡಿಗೆ ಹಬ್ಬಿದ್ದರೆ? ನಿಶ್ಚಿತಾ ತಮಾಷೆಗೆ ಹೇಳಿದ್ದರೆ? ಬಾಟಲಿ ಪಂಡಿತರಾದರೂ ಪ್ರೊಫೆಸರು ಪ್ರೊಫೆಸರೇ ಅಲ್ಲವೇ, ತಾನು ಯಾವ ಲೆಕ್ಕ? ಕೊನೆಗೆ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಯಾದವಗಿರಿಗೆ ಹೋದಳು. ಎರಡನೇ ಸಲ ನೋಡದೆ ಅವಳಿಂದ ಆಗುತ್ತಿರಲಿಲ್ಲ.

ಎರಡನೇ ಸಲ ನೋಡುವ ಅಗತ್ಯವೇ ಬೀಳಲಿಲ್ಲ. ಗೇಟಿನ ಕಮಾನಿನ ತುಂಬ ನೇರಳೆ ಗೊಂಚಲುಗಳು ಬೀದಿಗೆ ಇಳಿಬಿದ್ದಿದ್ದವು. ಕೈಗೆಟಕುವಷ್ಟು ಎತ್ತರದವರೆಗೆ ಮಾತ್ರ ಬೋಳು, ಕುರಿ ಹಿಂಡು ನಿಂತು ಮೇಯ್ದ ಹಾಗೆ. ಪ್ರೊಫೆಸರರು ಅದರ ಕೆಳಗೇ ನಿಂತು ದಿನಪತ್ರಿಕೆ ಓದುತ್ತಿದ್ದರು. ಎರಡು ಹೂ ಅವರ ಹೆಗಲ ಮೇಲೆ ಬಿದ್ದಿದ್ದವು.

"ಏನಮ್ಮ, ಸಹಿ ಹಾಕಿ ತಂದುಬಿಟ್ರಾ?"

"ಇಲ್ಲ ಸರ್." ಬೆರಳು ಮೇಲೆ ತೋರಿಸಿದಳು. "ಸರ್, ಇದೇ ಆ ಗಿಡ."

"ಯಾವ ಗಿಡ?"

"ಪೆಟ್ರಿಯಾ. ನಿಮ್ಮ ಪೇಪರಿನದು."

ಪ್ರೊಫೆಸರರು ತಲೆಯೆತ್ತಿದರು. ಹದಿನಾರು ವರ್ಷದಿಂದ ದಿನಕ್ಕೆ ನಾಲ್ಕು ಸಲ ಅದರ ಕೆಳಗೆ ಓಡಾಡಿದ ಸಸ್ಯಶಾಸ್ತ್ರದ ಪ್ರೊಫೆಸರು ಅವತ್ತು ಮೊದಲ ಸಲ ಅದನ್ನು ನೋಡಿದರು. ಅಷ್ಟರಲ್ಲಿ ಕಾಫಿ ತಂದ ಅವರ ಹೆಂಡತಿ ಪ್ರೇಮಲೀಲಾ ಮಾತಿಗೆ ಸೇರಿಕೊಂಡರು.

"ನೀವಾದ್ರೂ ಹೇಳಿಯಮ್ಮ ನಿಮ್ಮ ಹುಡುಗ್ರಿಗೆ! ಅವತ್ತು ಸೈನ್ ಅಂತ ಬಂದೋರು ನನ್ನ ನೀಲಿ ಬಳ್ಳಿನ ಹೆಂಗೆ ತರಿದು ಹಾಕಿದ್ದಾರೆ ನೋಡಿ. ಇವ್ರಿಗೆ ಅವತ್ತೇ ಹೇಳ್ದೆ, ಹೂಂ ಹೂಂ ಅಂದ್ರು. ನಾನು ಹೇಳಿದ್ದು ಇವ್ರ ಕಿವಿಗೆ ಯಾವತ್ತು ಬಿದ್ದಿದೆ?"

"ನೀನು ಒಳಗೆ ಹೋಗೇ" ಎಂದರು ಪ್ರೊಫೆಸರರು. ಆಮೇಲೆ ಸಂಘಮಿತ್ರಳ ಕಡೆ ತಿರುಗಿ, ಕ್ಲಾಸಿನಲ್ಲಿ ಉತ್ತರ ಗೊತ್ತಿಲ್ಲದಾಗ ತೆಗೆಯುವ ಗಂಭೀರ ದನಿಯಲ್ಲಿ ಹೇಳಿದರು. "ಇದು ಬೇರೆ, ಅದು ಬೇರೆ. ನಾಳೆ ಸಂಜೆ ಒಳಗೆ ಪತ್ರ ಕೊಡಿ."

ಸೋಮವಾರ ಬೆಳಿಗ್ಗೆ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಹಾಳೆಗಳನ್ನು ಬೀರುಗಳಲ್ಲಿ ಜೋಡಿಸಿಡುವ ಕೋಣೆಯಲ್ಲಿ, ಅಟೆಂಡರ್ ಬೀರಯ್ಯ ಅಂಗೈ ತುಂಬ ಗೀರು ಗಾಯ ಮಾಡಿಕೊಂಡು ಕೂತಿದ್ದ. ಮೂವತ್ತು ವರ್ಷದ ಸರ್ವಿಸಿನ ಮನುಷ್ಯ.

"ಏನಾಯ್ತು ಬೀರಯ್ಯ?"

"ನೆನ್ನೆ ಮಧ್ಯಾಹ್ನ ಸಾಹೇಬ್ರು ಫೋನ್ ಮಾಡಿ, ಮಚ್ಚು ತಕ್ಕೊಂಡು ಮನೆತಾವ ಬಾ ಅಂದ್ರು ಕಣಮ್ಮ. ಗೇಟ್ ಬಳ್ಳಿನ ಬುಡಸಮೇತ ಕಡಿಸಾಕ್ಬುಟ್ರು. ಎಂಗೆ ಹೂ ಬಿಟ್ಟಿತ್ತು ಅಂತೀರಿ! ಆವು ಬರ್ತದಂತೆ. ಯಾದವಗಿರೀಲಿ ಯಾವ ಆವು? ಅಮ್ಮಾವ್ರು ಬಾಗ್ಲಾಕ್ಕೊಂಡು ಅಳ್ತಾ ಕುಂತ್ರು."

ಸಂಘಮಿತ್ರಳಿಗೆ ನಗು ಬಂತು, ಹಿಂದೆಯೇ ಹೇಸಿಗೆಯಾಯಿತು. ಒಂದು ಸುಳ್ಳು ಪೇಪರಿಗಾಗಿ ಹೆಂಡತಿ ಸಾಕಿದ ಬಳ್ಳಿಯನ್ನು ಕಡಿಸುವ ಮನುಷ್ಯ, ಮತ್ತು ಆ ಮನುಷ್ಯ ಬರೆಯುವ ಪಟ್ಟಿಗೆ ಆರು ವರ್ಷದಿಂದ ಬಾಯಿ ಬಿಟ್ಟುಕೊಂಡು ಕಾದಿರುವ ತಾನು.

"ಆ ಹತ್ತೊಂಬತ್ತು ಹಾಳೆ ಎಲ್ಲಿವೆ?"

"ಇಲ್ಲೇ ಅವೆ. ಸಾಹೇಬ್ರು ಆತುರ ಆತುರವಾಗಿ ನಂಬರ್ ಹಾಕ್ಸಿದ್ರು. ಪತ್ರಿಕೆಯವ್ರು ನಂಬರ್ ಕೇಳ್ತಾರಂತೆ. ನಾಳೆ ಫೋಟೋ ತೆಗ್ದು ಕಳಿಸ್ಬೇಕು."

ನೋಂದಣಿ ಪುಸ್ತಕದಲ್ಲಿ ೪೧೧೨ರಿಂದ ೪೧೩೦ರವರೆಗೆ ಬೀರಯ್ಯನ ದುಂಡು ಅಕ್ಷರಗಳಿದ್ದವು. ಸಂಘಮಿತ್ರ ಆ ಪುಟವನ್ನು ಎರಡು ಸಲ ನೋಡಿದಳು. ನಂಬರು ಬಿದ್ದ ಹಾಳೆಗೆ ಹರ್ಬೇರಿಯಂಗಳಲ್ಲಿ ಒಂದು ಕಟ್ಟುಪಾಡಿದೆ. ಅದನ್ನು ಎಸೆಯುವಂತಿಲ್ಲ. ಹಳೆಯ ಲೇಬಲ್ಲು ತಪ್ಪಿದ್ದರೂ ಕೀಳುವಂತಿಲ್ಲ, ತಿದ್ದುವಂತಿಲ್ಲ. ತಪ್ಪು ಕಂಡವರು ತಮ್ಮ ಹೆಸರು, ತಾರೀಖು ಹಾಕಿದ ಚಿಕ್ಕ ಚೀಟಿಯನ್ನು ಪಕ್ಕದಲ್ಲಿ ಅಂಟಿಸಬಹುದು. ಆ ಚೀಟಿಯನ್ನೂ ಮುಂದೆ ಯಾರೂ ಕೀಳುವಂತಿಲ್ಲ. ನಂಬರು ಹಾಕಿಸದೆ ಇದ್ದಿದ್ದರೆ ಪ್ರೊಫೆಸರರು ಹಾಳೆಗಳನ್ನು ಏನು ಬೇಕಾದರೂ ಮಾಡಬಹುದಿತ್ತು. ಅವಸರದಲ್ಲಿ ತಾವೇ ಹೋಗಿ ಕಟ್ಟುಪಾಡಿನೊಳಗೆ ಕೂತಿದ್ದರು.

ಅವಳು ಗೋಂದು, ಕತ್ತರಿ ತೆಗೆದುಕೊಂಡು ಕೂತಳು. ಮೊದಲ ಎರಡು ಚೀಟಿ ಅಕ್ಷರ ಕೆಟ್ಟು ಹರಿದು ಹಾಕಬೇಕಾಯಿತು. ಮೂರನೆಯದು ಸರಿಯಾಗಿ ಬಂತು. 'ಪೆಟ್ರಿಯಾ. ನೆಟ್ಟು ಬೆಳೆಸಿದ ಗಿಡ, ಕಾಡಿನದಲ್ಲ. ಸ್ಥಳ: ಯಾದವಗಿರಿ, ಮೈಸೂರು, ಮನೆಯ ಗೇಟು. ಗಿಡವನ್ನು ಈಗ ಕಡಿಯಲಾಗಿದೆ. ಸಂಘಮಿತ್ರ.' ಕೆಳಗೆ ತಾರೀಖು. ಊಟದ ಹೊತ್ತಿಗೆ ಹದಿನೇಳಾದವು.

ಹದಿನೆಂಟನೆಯದನ್ನು ಒತ್ತುತ್ತಿದ್ದಾಗ ಪ್ರೊಫೆಸರರು ಒಳಗೆ ಬಂದರು. ಮೇಲಿದ್ದ ಹಾಳೆ ಎತ್ತಿ ಓದಿದರು. ಮುಖ ಕಪ್ಪಿಟ್ಟಿತು. ಉಗುರಿನಿಂದ ಚೀಟಿ ಕೀಳಲು ಹೋದರು. ಚೀಟಿ ಅರ್ಧ ಬಂತು, ಅದರೊಟ್ಟಿಗೆ ಪಕ್ಕದ ಲೇಬಲ್ಲೂ, ಒಂದು ಎಲೆಯೂ ಕಿತ್ತುಬಂದವು.

"ಕೀಳಂಗಿಲ್ಲ ಸಾರ್" ಎಂದ ಬೀರಯ್ಯ, ಕೂತಲ್ಲಿಂದ ಏಳದೆ. "ಬಾಗ್ಲಲ್ಲಿ ಬೋರ್ಡೈತೆ. ನಿಮ್ದೇ ಸೈನು."

"ನೀನು ಬಾಯ್ಮುಚ್ಚು!" ಹರಿದ ಹಾಳೆಯನ್ನು ಮೇಜಿನ ಮೇಲೆ ಬಿಸಾಕಿದರು. ಚೀಟಿ ಅಂಟಿಸಿದವು ಇನ್ನೂ ಹದಿನೇಳಿದ್ದವು, ಅವೂ ಹೀಗೇ ಹರಿದರೆ ಪತ್ರಿಕೆಗೆ ಕಳಿಸಲು ಒಂದೇ ಹಾಳೆ ಉಳಿಯುತ್ತದೆ ಎಂಬುದು ಅವರಿಗೂ ಹೊಳೆದಂತಿತ್ತು. "ನರ್ಸರೀಲಿ ಮಣ್ಣು ಹೊರ್ತಿದ್ದೋರನ್ನ ತಂದು ಇಲ್ಲಿ ಕೂರಿಸಿದ್ದು ನನ್ನ ತಪ್ಪು. ಪಟ್ಟೀಲಿ ನಿಮ್ಮ ಹೆಸರು ಇರಲ್ಲ, ತಿಳೀತಾ? ಈ ತಿಂಗಳು ಮೂವತ್ತೊಂದಕ್ಕೆ ಮುಗೀತು."

"ಗೊತ್ತು ಸರ್."

ಅವಳು ಅಷ್ಟು ಸುಲಭವಾಗಿ ಹೇಳಿದ್ದು ಅವರನ್ನು ಇನ್ನಷ್ಟು ಕೆರಳಿಸಿತು. "ದೊಡ್ಡ ಸತ್ಯವಂತೆ! ಆರು ವರ್ಷ ಕೆರೆ ಏರಿ ಸೊಪ್ಪಿಗೆಲ್ಲ ಮೇಲ್ವಿಚಾರಕಿ ಅಂತ ಸಹಿ ಹಾಕಿದೋರು ಯಾರ್ರೀ? ನಾನಾ?"

ವಾರವಿಡೀ ಅವರ ಮೇಲೆ ಸುರಿದ ತಾತ್ಸಾರಕ್ಕೆ ತಾನೂ ಅರ್ಹಳೆಂದು ಸಂಘಮಿತ್ರಳಿಗೆ ಗೊತ್ತೇ ಇತ್ತು. ಬೇರೆಯವರ ಬಾಯಲ್ಲಿ ಕೇಳಿರಲಿಲ್ಲ, ಅಷ್ಟೆ.

"ನಾನೇ ಸರ್" ಎಂದಳು. "ಅದೂ ತಪ್ಪೇ."

ಪ್ರೊಫೆಸರರು ಬಾಗಿಲು ಬಡಿದುಕೊಂಡು ಹೋದರು. ಅವಳು ಹತ್ತೊಂಬತ್ತನೆಯ ಚೀಟಿ ಅಂಟಿಸಿ, ಕೈ ತೊಳೆದುಕೊಂಡಳು. ಅಮ್ಮನಿಗೆ ಏನು ಹೇಳುವುದು? ಪಾಠವಿಲ್ಲದ ಜೂನ್ ತಿಂಗಳು ಹೇಗಿರುತ್ತದೆ? ಯಾವುದೂ ತೋಚಲಿಲ್ಲ. ಎರಡು ಗಂಟೆಗೆ ಪ್ರಾಕ್ಟಿಕಲ್ ಕ್ಲಾಸಿತ್ತು. ಮೂವತ್ತೊಂದು ಬರಲು ಇನ್ನೂ ಎಂಟು ದಿನವಿತ್ತು. ಎಂಟು ದಿನ ಅವಳು ಇನ್ನೂ ಆ ಹುಡುಗರ ಮೇಷ್ಟ್ರು.

ನಂಬರು ಬಿದ್ದ ಹತ್ತೊಂಬತ್ತನ್ನು ಬೀರುವಿನಲ್ಲಿಟ್ಟು, ಪ್ರೊಫೆಸರರ ಕೋಣೆಯಿಂದ ವಾಪಸು ಬಂದಿದ್ದ ಇಪ್ಪತ್ತೆಂಟು ಕಟ್ಟುಗಳನ್ನೂ ಬೀರಯ್ಯನ ಕೈಲಿ ಹೊರಿಸಿಕೊಂಡು ಕ್ಲಾಸಿಗೆ ಹೋಗಿ ಅವರವರ ಮುಂದೆ ಇಡಿಸಿದಳು. "ಇದ್ಯಾವುದಕ್ಕೂ ನಾನು ಸಹಿ ಹಾಕಲ್ಲ. ಹೊಸದಾಗಿ ಮಾಡಬೇಕು. ಎಲ್ಲರೂ ಹೊರಗೆ ನಡೀರಿ."

ಗದ್ದಲವೆದ್ದಿತು. ಪ್ಲೇಸ್‌ಮೆಂಟ್ ಇದೆ, ಅಕ್ಕನ ಮದುವೆಯಿದೆ, ಸಾರ್‌ಗೆ ಹೇಳ್ತೀವಿ ಎಂದರು. "ಹೇಳಿ" ಎಂದಳು. ಬಾಗಿಲು ತೆರೆದು ಹಿಡಿದು ನಿಂತಳು. ಬೇರೆ ದಾರಿ ಕಾಣದೆ ಒಬ್ಬೊಬ್ಬರಾಗಿ ಎದ್ದು ಬಂದರು. ಕಟ್ಟಡದ ಹಿಂದೆ, ಸ್ಕೂಟರ್ ನಿಲ್ಲಿಸುವ ಜಾಗದ ಪಕ್ಕದಲ್ಲಿ, ಕಾಂಕ್ರೀಟಿನ ಬಿರುಕಿನೊಳಗಿಂದ ಏಳೆಂಟು ಬಗೆಯ ಕಳೆಗಿಡಗಳು ಎದ್ದಿದ್ದವು. ಬಿಸಿಲಿಗೆ ದುಪಟ್ಟಾ ಹೊದ್ದು, ಮೊಬೈಲನ್ನು ಹಣೆಗೆ ಮರೆ ಹಿಡಿದು ನಿಂತ ಇಪ್ಪತ್ತೆಂಟು ಭಾವೀ ವಿಜ್ಞಾನಿಗಳು, ಜೀತಕ್ಕೆ ಹಿಡಿದು ತಂದವರಂತೆ ಮುಖ ಮಾಡಿಕೊಂಡಿದ್ದರು.

"ಕೂತ್ಕೊಳ್ಳಿ. ನಿಂತ್ಕೊಂಡು ಗಿಡ ನೋಡೋಕಾಗಲ್ಲ. ಮೊದಲು ನೋಟ್‌ಬುಕ್ಕು, ಆಮೇಲೆ ಕೈ ಹಾಕೋದು."

ನಿಶ್ಚಿತಾ ಮೂಗು ಮುರಿಯುತ್ತ ಕೂತಳು. ಪೆನ್ನು ತೆಗೆದಳು. "ಸ್ಥಳ ಏನಂತ ಬರೆಯೋದು ಮ್ಯಾಮ್?"

"ಎಲ್ಲಿ ಕೂತಿದ್ದೀಯೋ ಅದು."

"ಸ್ಕೂಟರ್ ಸ್ಟ್ಯಾಂಡ್ ಅಂತಾನಾ?"

"ಹೌದು."

ಹುಡುಗಿ ಬರೆದಳು. ಬರೆದದ್ದನ್ನು ಒಂದು ಕ್ಷಣ ನೋಡಿ ತಲೆಯೆತ್ತಿದಳು. "ಮ್ಯಾಮ್, ಇಲ್ಲಿದ್ದನ್ನೇ ಬರೆಯೋದಾಗಿದ್ರೆ ಕೊಡಗಿಗೆ ಯಾಕೆ ಹೋಗಿದ್ವಿ?"

"ಆರು ವರ್ಷದ ಹಿಂದೇನೇ ನಾನೂ ಅದನ್ನ ಕೇಳ್ಕೋಬೇಕಿತ್ತು" ಎಂದಳು ಸಂಘಮಿತ್ರ. "ಎಲೆ ಎ‍ದುರುಬದುರಾಗಿ ಇದೆಯಾ, ಒಂದಾದ ಮೇಲೊಂದಾ? ಸರಿಯಾಗಿ ನೋಡಿ ಹೇಳು."

ನಿಶ್ಚಿತಾ ಬಗ್ಗಿ ನೋಡಿದಳು. "ಎದುರುಬದುರು."

"ಇನ್ನೊಂದು ಸಲ ನೋಡು."

ನೋಡಿದಳು. ಈ ಸಲ ಸ್ವಲ್ಪ ಹೊತ್ತು ಹಿಡಿಯಿತು.